ನಾಪೋಕ್ಲು ಕಡೆಯ ಮನೆಗೆ ಕಾರು: ಡೀಸೆಲ್ ಮಾರಿ ಪೆಟ್ರೋಲ್ ತಗೊಳ್ಳಲಾ?

ತೋಟದಮನೆ:
ನಮಸ್ಕಾರ. ಮನೆಯಲ್ಲಿ ಐದು ಜನ, ಕಾರು ಒಂದೇ. ಮಕ್ಕಳ ಶಾಲೆ, ಸಂತೆ, ಯಾವಾಗಲಾದರೂ ಮಡಿಕೇರಿ, ಅಷ್ಟೇ. ದಿನಕ್ಕೆ ಹತ್ತು ಕಿಲೋಮೀಟರ್ ದಾಟುವುದಿಲ್ಲ. ಏರು ಚೆನ್ನಾಗಿ ಎಳೆಯುತ್ತದೆ ಅಂತ ಸೆಕೆಂಡ್ ಹ್ಯಾಂಡ್ ಬಿಎಸ್ 6 (ಹೊಸ ಹೊಗೆ ನಿಯಮದ) ಡೀಸೆಲ್ ಗಾಡಿ ತಗೊಂಡೆ. ಈಗ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಪದೇ ಪದೇ ಹತ್ತುತ್ತಿದೆ. ಕಳೆದ ಜುಲೈನಲ್ಲಿ ಜಡಿಮಳೆ ಸುರಿಯುವಾಗ, ಹಿಂದಿನ ಸೀಟಿನಲ್ಲಿ ಅತ್ತೆ, ಮಕ್ಕಳು ಕೂತಿರುವಾಗಲೇ ಪಿಕಪ್ ಹೋಗಿ ಏರಿನಲ್ಲಿ ನಿಂತುಬಿಟ್ಟಿತು. ತುಂಬಾ ಹೆದರಿದೆ. ಸಣ್ಣಪುಟ್ಟ ಕೆಲಸ ಮನೆಯಲ್ಲೇ ಮಾಡಿಕೊಳ್ಳುವಂಥ ಗಾಡಿ ಯಾವುದು ಹೇಳಿ. ಅಪ್ಪನ ಓಮ್ನಿಯಲ್ಲಿ ಮುಂದಿನ ಸೀಟು ಎತ್ತಿ, ಪ್ಲಗ್ ಬಿಚ್ಚಿ, ಉಜ್ಜಿ ಹಾಕುವುದನ್ನು ಕಲಿತವಳು ನಾನು.

ಘಟ್ಟದಗೇರು:
ಅಕ್ಕ, ಎಂಜಿನ್ ಕೆಟ್ಟದ್ದಲ್ಲ, ನಿಮ್ಮ ಓಡಾಟಕ್ಕೆ ಅದು ಹೊಂದುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದಮೇಲೆ ಡೀಸೆಲ್ ಕಾರುಗಳಿಗೆ ಡಿಪಿಎಫ್ ಬಂತು. ಅದರಲ್ಲಿ ಕೂತ ಮಸಿ ಸುಟ್ಟುಹೋಗಬೇಕಾದರೆ ಹೊಗೆ ಚೆನ್ನಾಗಿ ಬಿಸಿಯಾಗಬೇಕು, ಅದಕ್ಕೆ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ನಮ್ಮ ತಿರುವುಗಳಲ್ಲಿ ಅದು ಆಗುತ್ತದಾ? ಸುಡುವ ಕೆಲಸ ಅರ್ಧಕ್ಕೇ ನಿಂತರೆ ಡೀಸೆಲ್ ಇಳಿದು ಆಯಿಲ್‌ಗೆ ಸೇರುತ್ತದೆ. ಮೊದಲು ಆಯಿಲ್ ಕಡ್ಡಿ ತೆಗೆದು ನೋಡಿ. ಮೇಲಿನ ಗೆರೆ ದಾಟಿದ್ದು, ಡೀಸೆಲ್ ವಾಸನೆ ಬಂದರೆ ಆಯಿಲ್ ಬದಲಾಯಿಸುವವರೆಗೆ ಗಾಡಿ ತೆಗೆಯಬೇಡಿ. ಆಮೇಲೆ, ಮಾರುವವರೆಗೂ ಆಗಾಗ ಕುಶಾಲನಗರದ ಆಚೆ ಮೈಸೂರು ರಸ್ತೆಯಲ್ಲಿ ಓಡಿಸಿ.

ಸೋಮವಾರಪೇಟೆಯವ:
ನಮ್ಮದು 2012ರ ವ್ಯಾಗನ್ ಆರ್, ಮೂರು ಸಿಲಿಂಡರಿನ ಕೆ10 ಎಂಜಿನ್. ಟರ್ಬೊ ಇಲ್ಲ, ಬೆಲ್ಟ್ ಬದಲು ಟೈಮಿಂಗ್ ಚೈನ್. ಆಯಿಲ್, ಫಿಲ್ಟರ್, ಪ್ಲಗ್ ಎಲ್ಲಾ ನಾನೇ ಬದಲಾಯಿಸುತ್ತೇನೆ. ಕಾಫಿ ಕಣದ ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಸ್ಟ್ಯಾಂಡ್ ಇಟ್ಟೇ ಕೆಳಗೆ ಹೋಗಿ. ಬರೀ ಜಾಕ್ ನಂಬಬೇಡಿ. ಡ್ರೈನ್ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್ ಹಾಕಿ. ಬೋಲ್ಟ್ ಜಾಸ್ತಿ ಬಿಗಿದರೆ ಥ್ರೆಡ್ ಹೋಗುತ್ತದೆ. ಹಳೇ ಆಯಿಲ್ ಮಾತ್ರ ದಯವಿಟ್ಟು ತೋಟಕ್ಕೆ ಸುರಿಯಬೇಡಿ, ಅದು ತೋಡಿಗಿಳಿದು ಕಾವೇರಿಗೇ ಹೋಗುವುದು. ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ. ನೀವು ಐದು ಜನ ಅಲ್ವಾ, ಏರಿಗೆ 1.2 ಲೀಟರ್ ಎಂಜಿನ್ ಇದ್ದರೆ ಒಳ್ಳೆಯದು. ನಾಲ್ಕು ಸಿಲಿಂಡರಿನ ಹಳೇ ಸ್ವಿಫ್ಟ್ ಪೆಟ್ರೋಲ್ ನೋಡಿ.

ಮಳೆಗಾಲ_ಗೋಣಿಕೊಪ್ಪ:
ಯಾವ ಗಾಡಿ ತಗೊಂಡರೂ ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಾನೆಟ್ ಎತ್ತಿ. ವೈಪರ್ ಕೆಳಗಿನ ಜಾಲರಿಯಲ್ಲಿ ಸಿಲ್ವರ್ ಓಕ್ ಎಲೆ ಕೂತು ಕೊಳೆತರೆ ನೀರು ಇಳಿಯುವ ತೂತು ಕಟ್ಟಿಕೊಂಡು ಕಾರಿನ ಒಳಗೇ ಬರುತ್ತದೆ. ನಮ್ಮ ಗಾಡಿಯಲ್ಲಿ ಕಾಲಡಿಯ ಕಾರ್ಪೆಟ್ ಹಿಂಡಿದರೆ ನೀರು ಬರುತ್ತಿತ್ತು, ನಾನು ಬಾಗಿಲಿನ ರಬ್ಬರ್ ಹೋಗಿದೆ ಅಂದುಕೊಂಡು ಸುಮ್ನೆ ಒಂದು ತಿಂಗಳು ಕಳೆದೆ. ಇಲಿ ವೈರ್ ಕಡಿದಿದೆಯಾ ಅಂತಲೂ ಆಗಲೇ ನೋಡಿ. ಬ್ರೇಕ್ ಆಯಿಲ್ ತೇವ ಎಳೆದುಕೊಳ್ಳುತ್ತದೆ, ಘಟ್ಟ ಇಳಿಯುವ ನಾವು ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು.

ತೋಟದಮನೆ:
ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಟಾರ್ಚ್ ಹಿಡಿದು ಕಡ್ಡಿ ನೋಡಿ ಬಂದೆ. ಗೆರೆಗಿಂತ ಒಂದು ಬೆರಳು ಮೇಲಿದೆ, ಡೀಸೆಲ್ ವಾಸನೆ ಮೂಗಿಗೆ ಹೊಡೆಯುತ್ತಿದೆ. ನಾಳೆ ಮಕ್ಕಳನ್ನು ಬಸ್ಸಿನಲ್ಲೇ ಕಳಿಸುತ್ತೇನೆ.