ವೈನಿ ಕೇಳಿದ್ದಕ್ಕೆ ಉತ್ತರ, ಸ್ವಲ್ಪ ಉದ್ದ ಆಯ್ತು

ವೈನಿ, ಬೆಳಿಗ್ಗೆ ಕೈಯೆಲ್ಲ ಗ್ರೀಸ್ ಆಗಿತ್ತು, ಈಗ ಹೇಳುತ್ತೇನೆ. ಮಗನ ಐಟಿಐ ಎಲೆಕ್ಟ್ರಿಷಿಯನ್ ಮುಗೀತು, ಪುಣೆಗೆ ಕಳಿಸಿದರೆ ನನ್ನ ಕ್ಯಾರವಾನ್ (ಒಳಗೇ ಮನೆ ಇರುವ ಗಾಡಿ) ರಿಪೇರಿಯಲ್ಲಿ ಅವನ ಹೊಟ್ಟೆ ತುಂಬುತ್ತಾ ಅಂತ ಕೇಳಿದ್ದೀರಿ. ಬರೀ ಕ್ಯಾರವಾನ್ ನಂಬಿದರೆ ತುಂಬುವುದಿಲ್ಲ. ಅಮೆರಿಕದಲ್ಲಿ ಇದೊಂದರ ಮೇಲೇ ಸಂಸಾರ ನಡೆಸುತ್ತಾರೆ, ಅಲ್ಲಿ ಗಾಡಿಗಳೂ ಅಷ್ಟಿವೆ. ಪುಣೆ ಹತ್ತಿರ ನಮ್ಮ ಭೋಸರಿ ಶೆಡ್ಡಿಗೆ ಬರುವುದು ಜಾಸ್ತಿ ಟೆಂಪೋ ಟ್ರಾವೆಲರ್ ಒಳಗೇ ಮನೆ ಕಟ್ಟಿಸಿಕೊಂಡವರು. ದೀಪಾವಳಿಗೆ ಮುಂಚೆ ಸಾಲು ನಿಲ್ಲುತ್ತವೆ, ಎಲ್ಲರಿಗೂ ಗೋವಾಕ್ಕೆ ಹೋಗಬೇಕು. ಜೂನ್ ಬಂತೋ, ಒಬ್ಬರೂ ಇಲ್ಲ. ಆಗ ಫುಡ್ ಟ್ರಕ್, ಆಂಬುಲೆನ್ಸ್ ವೈರಿಂಗ್ ಮಾಡುತ್ತೇನೆ. ಮಳೆಗಾಲದ ಬಾಡಿಗೆ ಅದರಲ್ಲೇ ಹುಟ್ಟಬೇಕು.

ಇದರಲ್ಲಿ ದಿನ ಹೋಗುವುದು ತೊಂದರೆ ಎಲ್ಲಿದೆ ಅಂತ ಹುಡುಕುವುದರಲ್ಲಿ. ಹೋದ ತಿಂಗಳು ಒಬ್ಬರು ಬಂದರು, ಫ್ರಿಡ್ಜ್ ರಾತ್ರಿ ಮಾತ್ರ ಬಂದ್ ಆಗುತ್ತದೆ ಅಂತ. ಬೇರೆ ಕಡೆ ತೋರಿಸಿ ಹೊಸ ಬ್ಯಾಟರಿ ಹಾಕಿಸಿದ್ದರು, ಸುಮ್ನೆ ದಂಡ. ಮೀಟರ್ ಹಿಡಿದೆ. ಬ್ಯಾಟರಿ ಹತ್ತಿರ 12.2 ವೋಲ್ಟ್, ಫ್ರಿಡ್ಜ್ ಓಡುವಾಗ ಅದರ ತುದಿಯಲ್ಲಿ ಬರೀ 10. ಯಾರೋ ಮನೆಯ ಲೈಟಿಗೆ ಹಾಕುವ ಸಣ್ಣ ವೈರನ್ನೇ ಎಳೆದಿದ್ದಾರೆ. 60 ವ್ಯಾಟ್ ಅಂದರೆ ಮನೆಯ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಕರೆಂಟ್, ಗಾಡಿಯ 12 ವೋಲ್ಟಿನಲ್ಲಿ 5 ಆಂಪಿಯರ್. ಸಣ್ಣ ವೈರಿನಲ್ಲಿ ಅಷ್ಟು ಕರೆಂಟ್ ಹರಿದರೆ ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುತ್ತದೆ. ಹಗಲು ಸೋಲಾರ್ ಚಾರ್ಜ್ ಇರುವುದರಿಂದ ಹೇಗೋ ನಡೀತಿತ್ತು, ಅಷ್ಟೇ. ನಿಮ್ಮ ಮಗ ಐಟಿಐಯಲ್ಲಿ ಕಲಿತದ್ದು 230ರ ಲೆಕ್ಕ, ಅಲ್ವಾ? ಇಲ್ಲಿ ಕೈ ಮತ್ತೆ ತಿದ್ದಬೇಕು.

ದಪ್ಪ ವೈರಿಗೆ 400 ರೂಪಾಯಿ, ಹುಡುಕಲು ಮೂರು ತಾಸು. ಮೊದಲೆಲ್ಲ 'ಒಂದು ವೈರಿಗೆ ಇಷ್ಟು ಬಿಲ್ಲಾ?' ಅಂತ ಜಗಳಕ್ಕೇ ಬರುತ್ತಿದ್ದರು. ಈಗ ಗಾಡಿ ಮುಟ್ಟುವ ಮುಂಚೆಯೇ ಹೇಳಿಬಿಡುತ್ತೇನೆ, ನೋಡುವುದಕ್ಕೇ 1000 ರೂಪಾಯಿ ಅಂತ. ಅರ್ಧ ಜನ ಹೊರಟುಹೋಗುತ್ತಾರೆ. ಉಳಿದವರಿಂದಲೇ ಬದುಕು.

ಗ್ಯಾಸ್ ಕೆಲಸ ಮಾತ್ರ ಮೊದಲ ವರ್ಷ ಅವನ ಕೈಗೆ ಕೊಡುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಅದಕ್ಕೇ ನೆಲದಲ್ಲಿ ತೂತು ಬಿಟ್ಟಿರುತ್ತೇವೆ. ಒಬ್ಬ ಪುಣ್ಯಾತ್ಮ ಜಿರಳೆ ಬರುತ್ತವೆ ಅಂತ ಅದರ ಮೇಲೆ ಚಾಪೆ ಅಂಟಿಸಿಕೊಂಡಿದ್ದ! ಇನ್ನೊಂದು, ಟಾಯ್ಲೆಟ್ ಟ್ಯಾಂಕ್ ಬಿಚ್ಚುವುದೂ ನಮ್ಮದೇ ಕೆಲಸ. ಅವನಿಗೆ ಈಗಲೇ ಹೇಳಿರಿ, ಬಂದ ಮೇಲೆ ಮುಖ ಸಿಂಡರಿಸಬಾರದು.

ದಸರಾ ಆದ ಮೇಲೆ ಕಳಿಸಿ. ಸೀಸನ್ ಮುಗಿಯುವ ತನಕ ನಮ್ಮ ಮನೆಯಲ್ಲೇ ಇರಲಿ. ಸಂಬಳದ ಮಾತು ಅಣ್ಣನಿಗೆ ಫೋನ್ ಮಾಡಿ ಹೇಳುತ್ತೇನೆ, ಗ್ರೂಪಿನಲ್ಲಿ ಬೇಡ.