ಟೋಕಿಯೋಗೆ ಹೊರಟವರ ಆರೋಗ್ಯದ ಪ್ರಶ್ನೆಗಳು: ಭಾನುವಾರ ಸಂಜೆ ಡಾಕ್ಟರ್ ಜೊತೆ

ಅಡ್ಮಿನ್: ಮಾರ್ಚ್ ಕೊನೆಯ ವಾರ ಸಕುರಾ ಹೂ ನೋಡಲು ಟೋಕಿಯೋಗೆ ಹೊರಟವರು ಗುಂಪಿನಲ್ಲಿ ತುಂಬಾ ಜನ ಇದ್ದೀರಿ. ನಮ್ಮ ಡಾಕ್ಟರ್ ಇವತ್ತು 5 ಗಂಟೆಯಿಂದ ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ತುಮಕೂರು: ನಮಸ್ಕಾರ ಡಾಕ್ಟ್ರೇ. ನನಗೆ ಬಿಪಿ ಮಾತ್ರೆ, ಮನೆಯವರಿಗೆ ಥೈರಾಯ್ಡ್ ಮಾತ್ರೆ. ಎಷ್ಟು ಒಯ್ಯಬಹುದು?

ಡಾಕ್ಟರ್: ನಮಸ್ಕಾರ. ಚೀಟಿ ಬೇಕಾದ ಮಾತ್ರೆಗಳು ಒಂದು ತಿಂಗಳಿಗೆ ಆಗುವಷ್ಟು ಇದ್ದರೆ ಜಪಾನಿನಲ್ಲಿ ಅನುಮತಿ ಪತ್ರ ಬೇಕಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ‘ಯುನ್ಯೂ ಕಕುನಿನ್ ಶೋ’ ಎಂಬ ಪತ್ರವನ್ನು ಹೊರಡುವ ಮುಂಚೆಯೇ ಆನ್‌ಲೈನ್‌ನಲ್ಲಿ ಪಡೆಯಬೇಕು. ಮಾತ್ರೆ ಸ್ಟ್ರಿಪ್‌ನಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ತುಂಬಬೇಡಿ. ಚೀಟಿಯ ಪ್ರತಿ ಜೊತೆಗಿರಲಿ. ಎಲ್ಲವೂ ಕೈಚೀಲದಲ್ಲಿ.

ಹಾಸನ: ಡಾಕ್ಟ್ರೇ, ಮಗಳಿಗೆ 14 ವರ್ಷ, ಆಸ್ತಮಾ ಇದೆ. ಬೆಂಗಳೂರಿಗೆ ಹೋದರೇ ಸೀನು ಶುರುವಾಗುತ್ತದೆ. ಜಪಾನಿನ ಗಾಳಿ ಶುದ್ಧ ಅಂತಾರಲ್ಲ, ಇನ್ಹೇಲರ್ ಬಿಟ್ಟು ಹೋಗಬಹುದಾ?

ಡಾಕ್ಟರ್: ಬೇಡ, ಖಂಡಿತ ಬೇಡ. ಒಳ್ಳೆಯ ಪ್ರಶ್ನೆ ಕೇಳಿದಿರಿ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮನೆ ಕಟ್ಟಲು ಮರ ಬೇಕಾಯಿತು ಅಂತ ಜಪಾನಿನವರು ಬೆಟ್ಟಗಳ ತುಂಬಾ ‘ಸುಗಿ’ ಮರ ನೆಟ್ಟರು. ಆಮೇಲೆ ಹೊರದೇಶದ ಮರ ಅಗ್ಗವಾಗಿ ಸಿಕ್ಕಿತು, ಇವನ್ನು ಕಡಿಯುವವರು ಕಡಿಮೆಯಾದರು. ಈಗ ಆ ಮರಗಳೆಲ್ಲ ಬಲಿತು, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪರಾಗ ಸುರಿಸುತ್ತವೆ. ಅದು ಇಳಿಯುವ ಹೊತ್ತಿಗೆ ‘ಹಿನೋಕಿ’ ಮರದ ಸರದಿ. ಸಕುರಾ ಅರಳುವುದೂ ಅದೇ ಹೊತ್ತಿಗೆ. ಅಲ್ಲಿ ಮಾಸ್ಕ್ ಹಾಕಿ ಓಡಾಡುವವರಲ್ಲಿ ತುಂಬಾ ಜನ ಹಾಕುವುದು ಇದಕ್ಕೇ. ದಿನವೂ ಎಳೆಯುವ ಇನ್ಹೇಲರ್ ಒಂದು ದಿನವೂ ತಪ್ಪಬಾರದು. ತಕ್ಷಣಕ್ಕೆ ಬಳಸುವುದು ಎರಡು ಒಯ್ಯಿರಿ, ಒಂದು ಮಗಳ ಜೇಬಿನಲ್ಲೇ ಇರಲಿ. ಸಂಜೆ ರೂಮಿಗೆ ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸಲಿ. ಹೊರಡುವ ಮುಂಚೆ ಒಮ್ಮೆ ನಿಮ್ಮ ಡಾಕ್ಟರಿಗೆ ತೋರಿಸಿ.

ಬಳ್ಳಾರಿ: ಸರ್ ಬಿಪಿ ಮಾತ್ರೆ ಎಷ್ಟು ದಿನಕ್ಕೆ ಆಗುವಷ್ಟು ತಗೊಂಡು ಹೋಗಬಹುದು?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಜಯನಗರ: ನೆಗಡಿ ಮಾತ್ರೆ ಒಯ್ದರೆ ಅರೆಸ್ಟ್ ಮಾಡ್ತಾರೆ ಅಂತ ನಮ್ಮ ಭಾವ ಹೆದರಿಸ್ತಿದ್ದಾರೆ. ಸುಮ್ನೆ ಹೇಳ್ತಾರಾ?

ಡಾಕ್ಟರ್: ನಿಮ್ಮ ಭಾವ ಅರ್ಧ ಸರಿ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರ ಓದಿ. ‘ಸ್ಯೂಡೋಎಫೆಡ್ರಿನ್’ ಎಂದಿದ್ದರೆ ಮನೆಯಲ್ಲೇ ಬಿಡಿ. ಔಷಧಿಯಲ್ಲಿ ಅದರ ಪಾಲು 10% ಮೀರಿದರೆ ಅಲ್ಲಿ ನಿಷೇಧ. ಬರೀ ಪ್ಯಾರಾಸಿಟಮಾಲ್, ಸೆಟ್ರಿಜಿನ್ ಆದರೆ ತೊಂದರೆಯಿಲ್ಲ. ಕೊಡೀನ್ ಇರುವ ಕೆಮ್ಮಿನ ಸಿರಪ್ಪೂ ಬೇಡ.

ಧಾರವಾಡ: ನಿದ್ದೆಗೆ ಆಯುರ್ವೇದದ ಡ್ರಾಪ್ಸ್ ತಗೊಳ್ತೀನ್ರಿ. ‘ವಿಜಯಾ’ ಎಲೆಯದು. ನ್ಯಾಚುರಲ್ ಐತಿ, ಅದಕ್ಕೇನೂ ಇಲ್ಲ ಅಲ್ರೀ?

ಡಾಕ್ಟರ್: ವಿಜಯಾ ಅಂದರೆ ಗಾಂಜಾ ಗಿಡ. ಬಾಟಲಿಯ ಮೇಲೆ ತುಳಸಿ ಚಿತ್ರ ಹಾಕಿದರೂ ಅದು ಗಾಂಜಾನೇ. ಜಪಾನಿನಲ್ಲಿ ಇಟ್ಟುಕೊಳ್ಳುವುದು ಮುಂಚಿನಿಂದಲೂ ಅಪರಾಧ. 2024ರ ಡಿಸೆಂಬರ್‌ನಿಂದ ಸೇವಿಸುವುದೂ ಅಪರಾಧ. ನಿಮ್ಮ ವೈದ್ಯರ ಚೀಟಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಾಟಲಿಯನ್ನು ಬ್ಯಾಗಿನ ಹತ್ತಿರವೂ ತರಬೇಡಿ. ‘ನ್ಯಾಚುರಲ್’ ಅನ್ನುವ ಮಾತನ್ನು ಇವತ್ತು ಇನ್ನೊಮ್ಮೆ ಯಾರೂ ಬರೆಯಬೇಡಿ.

ಉಡುಪಿ: ಅಪ್ಪನಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್. ವಿಮಾನದಲ್ಲಿ ಯಾವ ದೇಶದ ಗಂಟೆ ನೋಡಬೇಕು?

ಡಾಕ್ಟರ್: ಟೋಕಿಯೋ ನಮಗಿಂತ ಮೂರೂವರೆ ಗಂಟೆ ಮುಂದೆ. ಹೋಗುವ ದಿನ ಚಿಕ್ಕದಾಗುತ್ತದೆ, ಎರಡು ಡೋಸ್ ಹತ್ತಿರ ಬಂದು ಶುಗರ್ ಕುಸಿಯುವ ಅಪಾಯ ಇರುತ್ತದೆ. ಎಷ್ಟು ಯೂನಿಟ್ ಎಂದು ನಾನು ಇಲ್ಲಿಂದ ಹೇಳುವುದಿಲ್ಲ. ಟಿಕೆಟ್ ತೋರಿಸಿ ಅವರ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಊಟದ ತಟ್ಟೆ ಎದುರಿಗೆ ಬಂದ ಮೇಲೆಯೇ ಸೂಜಿ. ಪೆನ್ ಕೈಚೀಲದಲ್ಲಿ, ಚೆಕ್‌ಇನ್ ಬ್ಯಾಗಿನಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು.

ಶಿವಮೊಗ್ಗ: ಡಾಕ್ಟ್ರೇ, ನಮ್ಮದು ಚಿಕ್ಕ ಪ್ರಶ್ನೆ. ಅಮ್ಮನಿಗೆ 68. ಐದು ವಾರದ ಹಿಂದೆ ಬಲ ಮಂಡಿ ಬದಲಿಸಿದ್ದಾರೆ, ಚೆನ್ನಾಗಿ ನಡೆಯುತ್ತಿದ್ದಾರೆ. ಇದೇ ಗುರುವಾರ ಹೊರಡುತ್ತೇವೆ. ಮೂರು ದಿನದಿಂದ ಬಲ ಮೀನಖಂಡ ಸ್ವಲ್ಪ ಊದಿದೆ, ಮುಟ್ಟಿದರೆ ನೋವು. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುತ್ತಿದ್ದೇವೆ. ವಿಮಾನಕ್ಕೆ ಯಾವ ಸಾಕ್ಸ್ ಒಳ್ಳೆಯದು?

ಚಿಕ್ಕಮಗಳೂರು: ವಿಮಾನ ಹತ್ತುವ ಮುಂಚೆ ಎರಡು ಎಸಳು ಬೆಳ್ಳುಳ್ಳಿ, ಚಿಟಿಕೆ ದಾಲ್ಚಿನ್ನಿ ಬಿಸಿನೀರಿನಲ್ಲಿ ಕುಡಿಯಿರಿ. ರಕ್ತ ನೀರಿನಂತೆ ಹರಿಯುತ್ತದೆ. 10 ಜನರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ 🙏

ಡಾಕ್ಟರ್: ಶಿವಮೊಗ್ಗದವರೇ, ಮೊದಲು ಉಜ್ಜುವುದು ನಿಲ್ಲಿಸಿ. ಈಗಲೇ. ರಕ್ತ ತೆಳುವಾಗಲು ಸರ್ಜನ್ ಮಾತ್ರೆ ಬರೆದಿದ್ದರಲ್ಲ, ಪೂರ್ತಿ ತಗೊಂಡರಾ?

ಶಿವಮೊಗ್ಗ: ಒಂದು ತಿಂಗಳಿಗೆ ಬರೆದಿದ್ದರು. 12 ದಿನ ತಗೊಂಡರು. ಆಮೇಲೆ ಈ ಬೆಳ್ಳುಳ್ಳಿ ಮೆಸೇಜ್ ಚಿಕ್ಕಮ್ಮ ಕಳಿಸಿದ್ದರು, ಮಾತ್ರೆಗಿಂತ ಇದೇ ಸೇಫ್ ಅಂತ…

ಡಾಕ್ಟರ್: ಇದು ಚಿಕ್ಕ ಪ್ರಶ್ನೆ ಅಲ್ಲಮ್ಮಾ. ಮಂಡಿ ಬದಲಿಸಿದ ಮೇಲೆ ಕೆಲವು ವಾರ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಜಾಸ್ತಿ. ಆ ಮಾತ್ರೆ ಕೊಟ್ಟದ್ದೇ ಅದಕ್ಕೆ. ಆಪರೇಷನ್ ಆದ ಕಾಲು ಊದುವುದು ಮಾಮೂಲಿ ಇರಬಹುದು, ಹೆಪ್ಪೇ ಇರಬಹುದು. ಫೋಟೋ ನೋಡಿ ನಾನಾಗಲಿ ಇನ್ಯಾರಾಗಲಿ ಹೇಳಲು ಆಗುವುದಿಲ್ಲ. ಇಳಿಯುತ್ತಾ ಬರಬೇಕಾದ ಊತ ಐದನೇ ವಾರದಲ್ಲಿ ಹೊಸದಾಗಿ ಬಂದಿದೆ, ಜೊತೆಗೆ ನೋವು. ನನಗೆ ಹೆದರಿಕೆ ಅದಕ್ಕೆ. ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆ. ಆ ಹೆಪ್ಪು ಕಿತ್ತು ಮೇಲೆ ಹೋದರೆ ಶ್ವಾಸಕೋಶಕ್ಕೆ ಸಿಕ್ಕಿಕೊಳ್ಳುತ್ತದೆ. ಬೆಂಗಳೂರಿನಿಂದ ಟೋಕಿಯೋದ ನರಿತಾ ಏರ್‌ಪೋರ್ಟ್‌ಗೆ ನೇರ ವಿಮಾನದಲ್ಲೇ ಸುಮಾರು 8 ಗಂಟೆ, ವಾಪಸ್ ಬರುವಾಗ ಇನ್ನೂ ಜಾಸ್ತಿ. 4 ಗಂಟೆ ಮೀರಿ ಕಾಲು ಮಡಚಿ ಕೂತರೆ ಆರೋಗ್ಯವಂತರಿಗೂ ಸ್ವಲ್ಪ ಅಪಾಯ ಇರುತ್ತದೆ. ಸಾಕ್ಸ್ ಮಾತು ಆಮೇಲೆ. ಹೆಪ್ಪು ಇದೆಯೋ ಇಲ್ಲವೋ ತಿಳಿಯದೆ ಏನನ್ನೂ ಹಾಕಬೇಡಿ, ಮನೆಯಲ್ಲಿರುವ ಆಸ್ಪಿರಿನ್ನೂ ಕೊಡಬೇಡಿ. ಇವತ್ತೇ ಆಸ್ಪತ್ರೆಗೆ ಹೋಗಿ. ಏದುಸಿರು, ಎದೆನೋವು, ಕೆಮ್ಮಿದಾಗ ರಕ್ತ, ಇದರಲ್ಲಿ ಒಂದು ಕಂಡರೂ ಆಂಬುಲೆನ್ಸ್ ಕರೆಯಿರಿ.

ಚಿಕ್ಕಮಗಳೂರಿನವರೇ, ಆ ಮೆಸೇಜ್ ಅಳಿಸಿ. ಅದು ಏನು ಮಾಡಿದೆ ಅಂತ ಕಣ್ಣೆದುರೇ ಇದೆ.

ಚಿಕ್ಕಮಗಳೂರು: ನಾನು ಒಳ್ಳೆಯದಕ್ಕೇ ಹಾಕಿದ್ದು. ನಮ್ಮಜ್ಜಿ 92 ವರ್ಷ ಬದುಕಿದ್ದರು, ದಿನಾ ಬೆಳ್ಳುಳ್ಳಿ ತಿಂದು.

ಡಾಕ್ಟರ್: ನಿಮ್ಮಜ್ಜಿ ಮಂಡಿ ಬದಲಿಸಿಕೊಂಡು ಟೋಕಿಯೋಗೆ ಹೊರಟಿರಲಿಲ್ಲ.

ಬಳ್ಳಾರಿ: 😂😂

ಮಂಡ್ಯ: ಮಗುವಿಗೆ ತಳ್ಳುಗಾಡಿ ಒಯ್ಯಬೇಕಾ? ಅಲ್ಲೇ ಬಾಡಿಗೆಗೆ ಸಿಗುತ್ತದಾ?

ಜಯನಗರ: ಊಟದ ವಿಷಯ ಯಾರೂ ಕೇಳಲೇ ಇಲ್ಲ. ನಾವು ಶುದ್ಧ ಸಸ್ಯಾಹಾರಿಗಳು. ಮೀಸೋ ಸೂಪ್, ಸೋಬಾ ನೂಡಲ್ಸ್ ತಿಂದುಕೊಂಡು ಇದ್ದುಬಿಡೋಣ ಅಂತ.

ಟೋಕಿಯೋದಿಂದ: ನಾನು ನಿಶಿ ಕಸಾಯ್‌ನಲ್ಲಿದ್ದೇನೆ. ಆಂಟಿ, ಎರಡರಲ್ಲೂ ಸಾಮಾನ್ಯವಾಗಿ ‘ದಾಶಿ’ ಇರುತ್ತದೆ. ಒಣ ಮೀನು ಕುದಿಸಿದ ನೀರು. ನಮ್ಮ ಸಾರಿಗೆ ಬೇಳೆಕಟ್ಟು ಹೇಗೋ ಅವರಿಗೆ ಅದು ಹಾಗೆ. ಮಾಂಸ ಬೇಡ ಅಂದರೆ ಮೀನು ತೆಗೆಯುವುದಿಲ್ಲ, ದಾಶಿ ಬೇಡ ಅಂತಲೇ ಹೇಳಬೇಕು. ಟೋಕಿಯೋ ಸ್ಟೇಷನ್ ಒಳಗೆ ‘ಟೀಸ್ ತಾನ್‌ತಾನ್’ ಇದೆ, ಪೂರ್ತಿ ಸಸ್ಯಾಹಾರದ ರಾಮೆನ್. ನಮ್ಮ ಏರಿಯಾದಲ್ಲಿ ಇಂಡಿಯನ್ ಹೋಟೆಲೂ ಇವೆ.

ತುಮಕೂರು: ಗೊತ್ತಿಲ್ಲದೆ ತಿಂದರೆ ದೋಷ ಇಲ್ಲ ಬಿಡಿ.

ಜಯನಗರ: ಈಗ ಗೊತ್ತಾಯಿತಲ್ಲ! ಗೊತ್ತಿದ್ದೂ ತಿನ್ನಿ ಅಂತೀರಾ?

ತುಮಕೂರು: ಅಷ್ಟು ಮಡಿ ಇದ್ದವರು ಮನೆಯಲ್ಲೇ ಇರಬಹುದಲ್ಲ.

ಜಯನಗರ: ಮಾತು ಸರಿಯಾಗಿ ಆಡಿ. ನಿಮ್ಮ ಮನೆ ದುಡ್ಡಲ್ಲಿ ಹೋಗ್ತಿಲ್ಲ ನಾನು.

ಧಾರವಾಡ: ಚಟ್ನಿಪುಡಿ, ರೊಟ್ಟಿ ಒಯ್ದರ ಆತು. ಹಸಿ ಕರಿಬೇವು ಒಂದ ಕಟ್ಟು ಇಟ್ಕೊಂಡೀನಿ.

ಟೋಕಿಯೋದಿಂದ: ಸರ್, ಕರಿಬೇವು ಬಿಡಿ. ಹಸಿ ಸೊಪ್ಪು, ಹಣ್ಣು, ತರಕಾರಿ ಯಾವುದೂ ಭಾರತದ ಸಸ್ಯ ತಪಾಸಣೆ ಸರ್ಟಿಫಿಕೇಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ಯಾರಾದರೂ ಚಿಕನ್ ಉಪ್ಪಿನಕಾಯಿ ಕಟ್ಟಿದ್ದರೆ ಅದೂ ಬೇಡ.

ಧಾರವಾಡ: ಡ್ರಾಪ್ಸ್ ಬ್ಯಾಡ, ಕರಿಬೇವು ಬ್ಯಾಡ. ನಾನರ ಬರಬಹುದೇನ್ರಿ?

ಡಾಕ್ಟರ್: ಶಿವಮೊಗ್ಗದವರು ಎಲ್ಲಿ? ಹೊರಟಿರಾ?

ಬಳ್ಳಾರಿ: ಸರ್ ಇನ್ಶೂರೆನ್ಸ್ ಬೇಕೇಬೇಕಾ?

ಡಾಕ್ಟರ್: ಬೇಕು. ಪ್ರವಾಸಿಗರು ಆಸ್ಪತ್ರೆ ಬಿಲ್ ಪೂರ್ತಿ ಕೈಯಿಂದ ಕಟ್ಟಬೇಕು. ಬಿಲ್ ಬಾಕಿ ಉಳಿಸಿ ಬಂದರೆ ಮುಂದಿನ ಸಲ ಒಳಗೆ ಬಿಡದೇ ಇರಬಹುದು. ಇರುವ ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಬೇಡಿ. ಅಲ್ಲಿ ಆಂಬುಲೆನ್ಸ್ ನಂಬರ್ 119.

ಕೋಲಾರ: ಡಾಕ್ಟ್ರೇ, ಬಿಪಿ ಮಾತ್ರೆ ಎಷ್ಟು…

ಡಾಕ್ಟರ್: ಒಂದು ತಿಂಗಳು. ಒಂದು ತಿಂಗಳು. ಒಂದು ತಿಂಗಳು. ಅಡ್ಮಿನ್, ಇದನ್ನು ಪಿನ್ ಮಾಡಿ.

ಬಳ್ಳಾರಿ: ಡಾಕ್ಟ್ರು ಕೋಪ ಮಾಡ್ಕೊಂಡ್ರು. ಫ್ರೀ ಸಲಹೆ ಅಂದ್ರೆ ಇಷ್ಟೇ.

ಅಡ್ಮಿನ್: ಬಳ್ಳಾರಿಯವರೇ, ಭಾನುವಾರ ಸಂಜೆ ಬಿಟ್ಟು ಕೂತಿದ್ದಾರೆ ಅವರು.

ತುಮಕೂರು: ರೈಲಿಗೆ ಜೆಆರ್ ಪಾಸ್ ತಗೊಳ್ಳಬೇಕಾ?

ಟೋಕಿಯೋದಿಂದ: ಊರೊಳಗೆ ಮಾತ್ರ ಸುತ್ತುವವರಿಗೆ ದುಡ್ಡು ದಂಡ. 7 ದಿನದ ಪಾಸ್ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ದುಡ್ಡು ತುಂಬಿಸಿ ರೈಲು, ಬಸ್ಸಿಗೆ ಬಳಸುವ ಸುಯಿಕಾ ಕಾರ್ಡ್ ಸಾಕು.

ತುಮಕೂರು: ನಮ್ಮ ಏಜೆಂಟ್ ಪಾಸ್ ಇಲ್ಲದೆ ಆಗಲ್ಲ ಅಂದ.

ಜಯನಗರ: ಹಾಗಾದರೆ ಏಜೆಂಟನ್ನೇ ಕೇಳಿ, ಇಲ್ಯಾಕೆ ತಲೆ ತಿಂತೀರಿ.

ಶಿವಮೊಗ್ಗ: ಡಾಕ್ಟ್ರೇ, ಸ್ಕ್ಯಾನ್ ಸೆಂಟರ್ ಭಾನುವಾರ ಮುಚ್ಚಿದೆ. ನಾಳೆ ಬೆಳಿಗ್ಗೆ 9ಕ್ಕೆ ಟೋಕನ್ ಕೊಟ್ಟಿದ್ದಾರೆ. ಅಮ್ಮ ಆರಾಮಾಗಿದ್ದಾರೆ. ಮೆಟ್ಟಿಲು ಹತ್ತುವಾಗ ಮಾತ್ರ ಸ್ವಲ್ಪ ಉಸಿರು ಕಟ್ಟಿತು ಅಂದರು.

ಡಾಕ್ಟರ್: ನಾಳೆ ಅಲ್ಲ, ಈಗ. ಸ್ಕ್ಯಾನ್ ಸೆಂಟರ್ ಬೇಡ, ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೇ ಹೋಗಿ. 108ಕ್ಕೆ ಫೋನ್ ಮಾಡಿ, ನಡೆಸಬೇಡಿ. ಒಳಗೆ ಹೋದ ಕೂಡಲೇ ಮೂರು ಮಾತು ಹೇಳಿ: ಮಂಡಿ ಆಪರೇಷನ್, ಮಾತ್ರೆ ನಿಲ್ಲಿಸಿದ್ದು, ಉಸಿರು ಕಟ್ಟಿದ್ದು. ನಿಮ್ಮ ಸರ್ಜನ್‌ಗೂ ದಾರಿಯಲ್ಲೇ ಫೋನ್ ಮಾಡಿ. ಟಿಕೆಟ್ ವಿಷಯ ಆಮೇಲೆ.

ಶಿವಮೊಗ್ಗ: ಸರಿ. 108ಕ್ಕೆ ಮಾಡುತ್ತಿದ್ದೇನೆ.

ಚಿಕ್ಕಮಗಳೂರು: ಈ ಮೆಸೇಜ್ ಅಳಿಸಲಾಗಿದೆ

ಡಾಕ್ಟರ್: ತಲುಪಿದ ಮೇಲೆ ಒಂದು ಸಾಲು ಹಾಕಿ. ಉಳಿದವರ ಪ್ರಶ್ನೆ ಇವತ್ತಿಗೆ ಸಾಕು.

ಮಂಡ್ಯ: ತಳ್ಳುಗಾಡಿ ಕೇಳಿದ್ದೆ…