ಒಂಗೋಲಿನ ಬ್ಯಾಪ್ಟಿಸ್ಟ್ ಸಭೆ ಬೆಳೆದದ್ದು ಬರಗಾಲದಿಂದಲೇ?

ಪ್ರಶ್ನೆ: ಹಾಸನದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಆಂಧ್ರದ ಒಂಗೋಲು ಎಂದರೆ ನಮ್ಮ ಕಡೆಯ ರೈತರಿಗೆ ನೆನಪಾಗುವುದು ಆ ಹೆಸರಿನ ಬಿಳಿಯ ಎತ್ತುಗಳು. ಕಳೆದ ತಿಂಗಳು ಸಂಬಂಧಿಕರ ಮದುವೆಗೆಂದು ಆ ಊರಿಗೆ ಹೋಗಿದ್ದಾಗ ಜ್ಯುವೆಟ್ ಸ್ಮಾರಕ ಬ್ಯಾಪ್ಟಿಸ್ಟ್ ಚರ್ಚಿನ ಮುಂದೆ ಹಾದುಹೋದೆ. ಊರಿನವರೊಬ್ಬರು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಸಣ್ಣ ಊರಿನ ಸಭೆಯೇ, ಅಂದರೆ ಚರ್ಚಿನ ಸದಸ್ಯರ ಸಮುದಾಯವೇ, ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದಲ್ಲಿ ಜಗತ್ತಿಗೇ ಅತಿ ದೊಡ್ಡ ಸಭೆಯಾಗಿತ್ತೆಂದು ಹೇಳಿದರು. ಮನೆಗೆ ಬಂದು ಓದಿದಾಗ ನನ್ನ ಗೊಂದಲ ಹೆಚ್ಚಿತು. 1867ರ ಜನವರಿ 1ರಂದು 8 ಮಂದಿಯಿಂದ ಆರಂಭವಾದ ಸಭೆಗೆ, 1878ರ ಜುಲೈ 3ರ ಒಂದೇ ದಿನ 2,222 ಮಂದಿ ದೀಕ್ಷಾಸ್ನಾನ (ಕ್ರೈಸ್ತ ಸಭೆಗೆ ಸೇರುವಾಗಿನ ನೀರಿನ ಸಂಸ್ಕಾರ) ಪಡೆದು ಸೇರಿದರಂತೆ. ಅದು 1876–78ರ ಧಾತು ಈಶ್ವರ ಬರದ ಬೆನ್ನಿಗೇ ಬಂದ ದಿನ. ನಮ್ಮ ಮೈಸೂರು ಸಂಸ್ಥಾನದಲ್ಲೇ ಸುಮಾರು 10 ಲಕ್ಷ ಜನರನ್ನು ನುಂಗಿದ ಬರ ಅದು. ಹಾಗಿದ್ದರೆ ಇದು ಹೊಟ್ಟೆಗಾಗಿ ಆದ ಮತಾಂತರವೆಂದು ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ದಿನಾಂಕಗಳನ್ನು ಮಾತ್ರ ನೋಡಿದರೆ ಆ ವಾದವನ್ನು ತಳ್ಳಿಹಾಕುವುದು ಕಷ್ಟ. ಪಾಠ ಮಾಡುವವನಾದ ನಾನು ಅರ್ಧ ತಿಳಿದು ಮಾತನಾಡಬಾರದು. ಆ ಸಭೆಯ ಹುಟ್ಟನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಚರಿತ್ರೆಯ ವಿದ್ಯಾರ್ಥಿನಿ

ಮೇಷ್ಟ್ರೇ, ಬರದಿಂದ ಆರಂಭಿಸಿದರೆ ಕಥೆಯ ಮೊದಲರ್ಧ ಕೈತಪ್ಪುತ್ತದೆ. ಅಮೆರಿಕದ ಬ್ಯಾಪ್ಟಿಸ್ಟರು ತೆಲುಗು ನಾಡಿಗೆ ಬಂದದ್ದು 1836ರಲ್ಲಿ, ನೆಲ್ಲೂರಿನಲ್ಲಿ ನೆಲೆ ನಿಂತದ್ದು 1840ರಲ್ಲಿ. ಹತ್ತು ಹನ್ನೆರಡು ವರ್ಷ ದುಡಿದರೂ ಸೇರಿದವರು ಬೆರಳೆಣಿಕೆಯಷ್ಟು. 1853ರಲ್ಲಿ ಅಮೆರಿಕದ ಆಲ್ಬನಿ ನಗರದಲ್ಲಿ ನಡೆದ ಮಿಷನ್ನಿನ ವಾರ್ಷಿಕ ಸಭೆಯಲ್ಲಿ, ನೆಲ್ಲೂರನ್ನು ಮುಚ್ಚಿಬಿಡಬೇಕೇ ಎಂಬ ಚರ್ಚೆಯೇ ನಡೆಯಿತು. ನಕ್ಷೆಯ ಮೇಲೆ ಅದು ಒಂಟಿ ನಕ್ಷತ್ರದಂತೆ ಕಾಣುತ್ತಿತ್ತು ಎಂಬ ಮಾತಿನಿಂದ ಆ ಮಿಷನ್ನಿಗೆ ‘ಒಂಟಿ ನಕ್ಷತ್ರ’ ಎಂಬ ಹೆಸರೇ ಬಂದುಬಿಟ್ಟಿತು. ಕೊನೆಗೆ ಮುಚ್ಚಲಿಲ್ಲ. 1854ರ ಹೊಸ ವರ್ಷದ ನಸುಕಿನಲ್ಲಿ ಲೈಮನ್ ಜ್ಯುವೆಟ್ ಎಂಬ ಮಿಷನರಿ, ಅವರ ಪತ್ನಿ ಮತ್ತು ಮೂವರು ತೆಲುಗು ಕ್ರೈಸ್ತರು ಒಂಗೋಲಿನ ಗುಡ್ಡವನ್ನು ಹತ್ತಿ, ಈ ಊರಿಗೊಬ್ಬ ಬೋಧಕನನ್ನು ಕಳುಹಿಸು ಎಂದು ಪ್ರಾರ್ಥಿಸಿದರು. ಆ ಗುಡ್ಡವನ್ನು ಇಂದಿಗೂ ಪ್ರಾರ್ಥನೆಯ ಗುಡ್ಡ ಎಂದೇ ಕರೆಯುತ್ತಾರೆ. ತಾವು ನೋಡಿದ ಚರ್ಚು ಅದೇ ಜ್ಯುವೆಟ್ ಅವರ ಹೆಸರಿನದು.

ಬೋಧಕ ಬಂದದ್ದು ಹನ್ನೊಂದು ವರ್ಷಗಳ ನಂತರ. ಜಾನ್ ಎವರೆಟ್ ಕ್ಲೌ ತರುಣನಾಗಿದ್ದಾಗ ಮಿನ್ನೆಸೋಟದ ಕಾಡುಗಳಲ್ಲಿ ಸರ್ವೆ ತಂಡದೊಂದಿಗೆ ಸರಪಳಿ ಹಿಡಿದು ನೆಲ ಅಳೆದವರು. ಈ ವಿವರವನ್ನು ನೆನಪಿನಲ್ಲಿಡಿ, ಮುಂದೆ ಬರದ ಕಾಲದಲ್ಲಿ ಇದೇ ವಿದ್ಯೆ ಕೆಲಸಕ್ಕೆ ಬಂದಿತು. ಅವರು 1865ರಲ್ಲಿ ನೆಲ್ಲೂರಿಗೆ ಬಂದು ಮರುವರ್ಷ ಒಂಗೋಲಿಗೆ ತೆರಳಿದರು.

ನನ್ನ ಅಭಿಪ್ರಾಯದಲ್ಲಿ ಈ ಸಭೆಯನ್ನು ಕಟ್ಟಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಕ್ಲೌ ಅವರದಲ್ಲ, ಯರ್ರಗುಂಟ್ಲ ಪೇರಯ್ಯನವರದು. ಅವರು ಮಾದಿಗ ಸಮುದಾಯದವರು, ಹಳ್ಳಿಯಿಂದ ಹಳ್ಳಿಗೆ ತಿರುಗಿ ಚರ್ಮದ ವ್ಯಾಪಾರ ಮಾಡುತ್ತಿದ್ದವರು. ಕ್ರೈಸ್ತ ಬೋಧೆಯನ್ನು ಕೇಳುವುದಕ್ಕೂ ಮೊದಲೇ ಗುರುಗಳ ಬಳಿ ಯೋಗ ಸಾಧನೆ ಕಲಿತು, ಸತ್ಯವನ್ನು ಹುಡುಕುತ್ತಿದ್ದವರು. ವ್ಯಾಪಾರಕ್ಕೆಂದು ಉತ್ತರದ ಗೋದಾವರಿ ಕಡೆಗೆ ಹೋದಾಗ, ಅಲ್ಲಿ ಕ್ರೈಸ್ತನಾಗಿದ್ದ ಸಂಬಂಧಿಕನೊಬ್ಬನಿಂದ ಯೇಸುವಿನ ವಿಷಯ ಕೇಳಿ ತಿಳಿದುಕೊಂಡರು. 1866ರಲ್ಲಿ ಪೇರಯ್ಯನವರೂ ಅವರ ಪತ್ನಿ ನಾಗಮ್ಮನವರೂ ತಾವಾಗಿಯೇ ಮಿಷನರಿಗಳನ್ನು ಹುಡುಕಿಕೊಂಡು ಬಂದು ದೀಕ್ಷಾಸ್ನಾನ ಪಡೆದರು. ಮಿಷನರಿಯೇ ಅವರನ್ನು ಹುಡುಕಿಕೊಂಡು ಹೋಗಿದ್ದನೆಂದು ಅನೇಕರು ತಿಳಿದಿದ್ದಾರೆ. ನಡೆದದ್ದು ಅದಕ್ಕೆ ತಿರುಗು.

ಮರುವರ್ಷ ಜನವರಿಯಲ್ಲಿ ಕ್ಲೌ ಅವರು ಪೇರಯ್ಯನವರ ಊರಿಗೆ ಹೋದಾಗ, ಸುತ್ತಲಿನ ಹಳ್ಳಿಗಳ ಜನ ಹುಣಿಸೆಯ ತೋಪಿನಲ್ಲಿ ಬಂದು ಸೇರಿದ್ದರು. ಒಬ್ಬೊಬ್ಬರೂ ನಾಲ್ಕೈದು ದಿನಗಳಿಗೆ ಬೇಕಾಗುವಷ್ಟು ಬುತ್ತಿ ಕಟ್ಟಿಕೊಂಡು, ಹಾಸಲು ಹೊದೆಯಲು ಬಟ್ಟೆ ಹೊತ್ತುಕೊಂಡು ಬಂದಿದ್ದರು. ಐದು ದಿನ ಕೇಳಿ, ಪ್ರಶ್ನಿಸಿ, ಕೊನೆಗೆ 28 ಮಂದಿ ನೀರಿಗಿಳಿದರು. ಬರ ಬರುವುದಕ್ಕೆ ಆಗ ಇನ್ನೂ ಒಂಬತ್ತು ವರ್ಷಗಳಿದ್ದವು. ಅನ್ನಕ್ಕಾಗಿ ಬಂದರು ಎನ್ನುವವರು, ತಮ್ಮ ಅನ್ನವನ್ನು ತಾವೇ ಹೊತ್ತು ತಂದ ಈ ಜನರನ್ನು ಎಲ್ಲಿ ಇಡುತ್ತಾರೆ?

ಉತ್ತರ 2: ಬಳ್ಳಾರಿಯ ಮೊಮ್ಮಗ

ನಮ್ಮ ಮುತ್ತಜ್ಜನವರು ಒಂಗೋಲು ಸೀಮೆಯಿಂದ ಬಳ್ಳಾರಿಗೆ ಬಂದು ನೆಲೆಸಿದವರು. ಆದ್ದರಿಂದ ಈ ವಿಷಯ ನನಗೆ ಪುಸ್ತಕದ್ದಷ್ಟೇ ಅಲ್ಲ. ಶಾಲೆಯಲ್ಲಿ ಸಹಪಾಠಿಯೊಬ್ಬ ನನ್ನನ್ನು ‘ಗಂಜಿಗೆ ಮತ ಮಾರಿದವರ ಮನೆಯವನು’ ಎಂದಾಗ ನನಗೆ ಉತ್ತರ ತಿಳಿದಿರಲಿಲ್ಲ. ಅಂದು ಅಜ್ಜಿ ಕೂರಿಸಿಕೊಂಡು ಹೇಳಿದ ಮಾತುಗಳನ್ನೇ, ಓದಿ ಖಚಿತಪಡಿಸಿಕೊಂಡ ಮೇಲೆ, ಇಲ್ಲಿ ಬರೆಯುತ್ತಿದ್ದೇನೆ.

ಸಭೆ ಸೇರಿದವರಿಗೆ ಕ್ಲೌ ದೊರೆ ಇಟ್ಟ ನಿಯಮಗಳು ಮೂರು: ಭಾನುವಾರ ದುಡಿಯಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹಗಳನ್ನು ಪೂಜಿಸಬಾರದು. ಹಳ್ಳಿಯ ವ್ಯವಸ್ಥೆ ನಿಂತಿದ್ದದ್ದೇ ಈ ಮೂರರ ಮೇಲೆ. ಕಪಿಲೆ ಬಾವಿಯ ಚರ್ಮದ ಬಾನಿ, ಗೌಡರ ಕಾಲಿನ ಚಪ್ಪಲಿ, ನೊಗಕ್ಕೆ ಕಟ್ಟುವ ಮಿಣಿ ಎಲ್ಲವನ್ನೂ ಮಾದಿಗರೇ ಒದಗಿಸಬೇಕಿತ್ತು. ಕರೆದಾಗ ಬಿಟ್ಟಿ ಚಾಕರಿಗೆ ಹೋಗಬೇಕಿತ್ತು, ಜಾತ್ರೆಯಲ್ಲಿ ಹಲಗೆ ಬಡಿಯಬೇಕಿತ್ತು. ಸತ್ತ ದನ ಅವರ ಪಾಲು, ಅದನ್ನು ತಿನ್ನುವುದು ಹಸಿವಿನ ಕಾಲದ ಆಧಾರ. ಭಾನುವಾರ ಬರುವುದಿಲ್ಲ, ಹಲಗೆ ಬಡಿಯುವುದಿಲ್ಲ ಎಂದ ದಿನವೇ ಊರು ತಿರುಗಿಬಿದ್ದಿತು. ಬಾವಿಯ ನೀರಿಗೆ ತಡೆ, ಊರ ಬೀದಿಯಲ್ಲಿ ನಡೆಯಲು ತಡೆ. ಈ ಧರ್ಮ ಸೇರಿದವನಿಗೆ ಅನ್ನ ಸಿಗುತ್ತಿರಲಿಲ್ಲ, ಇದ್ದ ಅನ್ನವೂ ಹೋಗುತ್ತಿತ್ತು. ಮೇಷ್ಟ್ರ ಸಹೋದ್ಯೋಗಿಗಳು ಲೆಕ್ಕ ಹಾಕುವಾಗ ಈ ನಷ್ಟವನ್ನೂ ಬರೆದುಕೊಳ್ಳಬೇಕು.

ಮಿಷನರಿಯ ಕಡೆಯಲ್ಲೂ ಪರೀಕ್ಷೆ ನಡೆಯಿತು. ಒಂಗೋಲಿನಲ್ಲಿ ಕ್ಲೌ ಅವರ ಶಾಲೆಗೆ ಬ್ರಾಹ್ಮಣರ ಮಕ್ಕಳು ಬರುತ್ತಿದ್ದರು, ಊರಿನ ಮೇಲ್ಜಾತಿಯ ಪ್ರಮುಖರು ಸ್ನೇಹದಿಂದಲೇ ಇದ್ದರು. ಮಾದಿಗರನ್ನು ಸೇರಿಸಿಕೊಂಡರೆ ತಾವು ದೂರವಾಗುತ್ತೇವೆ ಎಂದು ಅವರು ಸ್ಪಷ್ಟವಾಗಿ ತಿಳಿಸಿದರು. ಕ್ಲೌ ಅವರು ಚಿಂತೆಯಿಂದ ಸತ್ಯವೇದವನ್ನು ತೆರೆದಾಗ, ಲೋಕವು ಕುಲಹೀನರೆಂದು ಕಡೆಗಣಿಸಿದವರನ್ನೇ ದೇವರು ಆರಿಸಿಕೊಂಡನೆಂಬ ಕೊರಿಂಥದವರ ಪತ್ರಿಕೆಯ ವಚನಗಳು ಕಣ್ಣಿಗೆ ಬಿದ್ದವು. ಮನೆಯ ಇನ್ನೊಂದು ಕೋಣೆಯಲ್ಲಿದ್ದ ಅವರ ಪತ್ನಿ ಹ್ಯಾರಿಯೆಟ್ ಕೂಡ ಅದೇ ಹೊತ್ತಿಗೆ ಅದೇ ಅಧ್ಯಾಯವನ್ನು ತೆರೆದಿದ್ದರೆಂದು ಕ್ಲೌ ಸ್ವತಃ ಹೇಳಿಕೊಂಡಿದ್ದಾರೆ. ಮಾದಿಗರು ಒಳಗೆ ಬಂದರು, ಉಳಿದವರು ಶಾಲೆ ಬಿಟ್ಟರು. ಈ ಪ್ರಸಂಗವನ್ನು ಹೇಳುವಾಗ ಅಜ್ಜಿಯ ಧ್ವನಿ ಪ್ರತಿ ಸಲವೂ ಸ್ವಲ್ಪ ತಗ್ಗುತ್ತಿತ್ತು.

ಇನ್ನು ಬರದ ವಿಷಯ. ಆಗ ಮದರಾಸು ಸರ್ಕಾರ ಕರಾವಳಿಯುದ್ದಕ್ಕೂ ಬಕಿಂಗ್‌ಹ್ಯಾಮ್ ಕಾಲುವೆಯನ್ನು ಬರಪರಿಹಾರದ ಕಾಮಗಾರಿಯಾಗಿ ತೋಡಿಸುತ್ತಿತ್ತು. ಬೇರೆ ಕಡೆಗಳಲ್ಲಿ ಮೇಸ್ತ್ರಿಗಳ ಕಿರುಕುಳಕ್ಕೆ ಹೆದರಿ ನಮ್ಮ ಜನ ಕೆಲಸಕ್ಕೇ ಹೋಗುತ್ತಿರಲಿಲ್ಲ. ಸರ್ವೆ ಬಲ್ಲ ಕ್ಲೌ ಅವರು ಮೂರೂವರೆ ಮೈಲಿಯ ಗುತ್ತಿಗೆಯನ್ನು ತಾವೇ ಹಿಡಿದು, ತಮ್ಮ ಬೋಧಕರನ್ನೇ ಮೇಲ್ವಿಚಾರಕರನ್ನಾಗಿ ನಿಲ್ಲಿಸಿದರು. ಮಣ್ಣು ಹೊತ್ತವರು ಕೂಲಿ ಪಡೆದರು, ಅದು ದಾನವಾಗಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಬೋಧಕರು ಅವರ ನಡುವೆ ಕುಳಿತು ಮಾತನಾಡುತ್ತಿದ್ದುದು ನಿಜ. ಆದರೆ ಸುಮಾರು ಹದಿನೈದು ತಿಂಗಳು, ಪರಿಹಾರದ ಹಣ ಕೈಯಲ್ಲಿರುವವರೆಗೂ, ಎಷ್ಟು ಬೇಡಿಕೊಂಡರೂ ಕ್ಲೌ ಅವರು ಹೊಸಬರಿಗೆ ದೀಕ್ಷಾಸ್ನಾನ ಕೊಡಲಿಲ್ಲ. ‘ಗಂಜಿಗಾಗಿ’ ಎಂಬ ಮಾತು ಬರಬಾರದೆಂದೇ ತಡೆದು ನಿಲ್ಲಿಸಿದ್ದರು. ಅಷ್ಟಾದರೂ ಆ ಮಾತು ನನ್ನ ಶಾಲೆಯವರೆಗೂ ಬಂದು ಮುಟ್ಟಿತು.

ಉತ್ತರ 3: ಮಂಗಳೂರಿನ ಸಭಿಕ

ಮೇಲಿನ ಇಬ್ಬರೂ ಹೇಳಿದ್ದಕ್ಕೆ ಆ ಜುಲೈ ತಿಂಗಳ ವಿವರವನ್ನು ಸೇರಿಸುತ್ತೇನೆ. ಒಂಗೋಲಿನಲ್ಲಿ ಸಿಡುಬು ಇದ್ದುದರಿಂದ ಕ್ಲೌ ಅವರು ಊರಿನಿಂದ ಹತ್ತು ಮೈಲಿ ಉತ್ತರಕ್ಕೆ, ಗುಂಡ್ಲಕಮ್ಮ ನದಿಯ ದಡದ ವೆಲ್ಲಂಪಲ್ಲಿಯಲ್ಲಿ ಬೋಧಕರನ್ನು ಮಾತ್ರ ಕರೆಸಿಕೊಂಡಿದ್ದರು. ಅವರ ಹಿಂದೆ ಸಾವಿರಾರು ಜನ ಬಂದುಬಿಟ್ಟರು. ಕೊಡಲು ಇನ್ನು ಹಣವಿಲ್ಲ, ಹಿಂದಿರುಗಿರಿ ಎಂದು ಕ್ಲೌ ಹೇಳಿದಾಗ, ನಮಗೆ ಹಣ ಬೇಡ, ನಾವು ದುಡಿದವರೆಂಬುದಕ್ಕೆ ಕೈಯ ಬೊಬ್ಬೆಗಳೇ ಸಾಕ್ಷಿ, ಮುಂದಿನ ಬೆಳೆಯೂ ಕೈಕೊಟ್ಟರೆ ಸಾಯುತ್ತೇವೆ, ಸಾಯುವುದಾದರೆ ಕ್ರೈಸ್ತರಾಗಿ ಸಾಯುತ್ತೇವೆ ಎಂಬರ್ಥದ ಉತ್ತರ ಬಂದಿತು. ಬೋಧಕರು ತಮ್ಮ ತಮ್ಮ ಹಳ್ಳಿಯವರನ್ನು ಗುಂಪಾಗಿ ಕೂರಿಸಿ ಒಬ್ಬೊಬ್ಬರನ್ನೂ ವಿಚಾರಿಸಿದ ಮೇಲೆ ದೀಕ್ಷಾಸ್ನಾನ ಆರಂಭವಾಯಿತು. ಜುಲೈ 2ರಂದು 614, 3ರಂದು 2,222, 4ರಂದು 700, ಒಟ್ಟು 3,536 ಮಂದಿ. ಆ ವರ್ಷದ ಕೊನೆಗೆ ಹೊಸದಾಗಿ ಸೇರಿದವರ ಸಂಖ್ಯೆ 9,606 ಆಯಿತು.

ಒಂದು ದಿನದಲ್ಲಿ ಇಷ್ಟು ಜನರನ್ನು ಮುಳುಗಿಸುವುದು ಸಾಧ್ಯವೇ ಎಂದು ಕೇಳುವವರಿದ್ದಾರೆ. ಬ್ಯಾಪ್ಟಿಸ್ಟರಲ್ಲಿ ತಲೆಗೆ ನೀರು ಚಿಮುಕಿಸುವ ಪದ್ಧತಿಯಿಲ್ಲ. ತಿಳುವಳಿಕೆ ಬಂದವರು ನಂಬಿಕೆಯನ್ನು ಬಾಯಿಬಿಟ್ಟು ಹೇಳಿ, ಪೂರ್ತಿಯಾಗಿ ಮುಳುಗಿ ಏಳಬೇಕು. ಆ ದಿನ ಆರು ಮಂದಿ ದೀಕ್ಷಿತ ಬೋಧಕರಿದ್ದರು. ಇಬ್ಬರು ನೀರಿನಲ್ಲಿ ನಿಲ್ಲುವರು, ದಣಿದಾಗ ಮತ್ತಿಬ್ಬರು ಇಳಿಯುವರು. ಸುಮಾರು ಒಂಬತ್ತು ಗಂಟೆಗಳ ಕೆಲಸವೆಂದು ಭಾಗಿಸಿದರೆ ಒಬ್ಬೊಬ್ಬರಿಗೆ ಅರ್ಧ ನಿಮಿಷ ಸಿಗುತ್ತದೆ. ಅವಸರವಿಲ್ಲದೆ ಆಗುವ ಕೆಲಸವೇ. ನೀರಿನಲ್ಲಿ ನಿಂತ ಆರೂ ಮಂದಿ ತೆಲುಗರು. ಕ್ಲೌ ಅವರು ಆ ದಿನ ಒಬ್ಬರಿಗೂ ದೀಕ್ಷಾಸ್ನಾನ ಕೊಡಲಿಲ್ಲ.

ಜಗತ್ತಿನ ಅತಿ ದೊಡ್ಡ ಸಭೆ ಎಂಬ ಮಾತಿನ ಹಿಂದೆ ಒಂದು ಲೆಕ್ಕಾಚಾರದ ಸಂಗತಿಯಿದೆ. ಹತ್ತಾರು ಮೈಲಿಗಳಾಚೆಯ ನೂರಾರು ಹಳ್ಳಿಗಳ ಸದಸ್ಯರ ಹೆಸರೂ ಒಂಗೋಲಿನ ಒಂದೇ ಸಭೆಯ ದಾಖಲೆಯಲ್ಲಿತ್ತು. 1880ರ ದಶಕದಲ್ಲಿ ಆ ಸಂಖ್ಯೆ 20 ಸಾವಿರ ದಾಟಿತು. ಬಳಿಕ ಹಳ್ಳಿಗಳ ಸಭೆಗಳನ್ನು ಪ್ರತ್ಯೇಕಿಸಿದರು.

ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಸಭೆಗಳಲ್ಲಿಯೂ ಬಳ್ಳಾರಿಯ ಲಂಡನ್ ಮಿಷನ್ ಸಭೆಗಳಲ್ಲಿಯೂ ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ರೂಢಿಯಿತ್ತು. ಅವು ಮುಂದೆ, ಹಲವು ಪ್ರೊಟೆಸ್ಟೆಂಟ್ ಪಂಗಡಗಳು ಒಂದಾಗಿ ಕಟ್ಟಿದ ದಕ್ಷಿಣ ಭಾರತ ಸಭೆಯೊಳಗೆ (ಸಿ.ಎಸ್.ಐ.) ಬಂದವು. ಒಂಗೋಲಿನವರು ಆ ಐಕ್ಯಕ್ಕೆ ಸೇರದೆ ತೆಲುಗು ಬ್ಯಾಪ್ಟಿಸ್ಟ್ ಸಭೆಗಳ ಸಮಾವೇಶವಾಗಿ ಉಳಿದದ್ದಕ್ಕೆ ಈ ಭೇದವೂ ಒಂದು ಕಾರಣ.

ಹಾಸನದ ಮೇಷ್ಟ್ರು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಬಳ್ಳಾರಿಯವರೇ, ತಮಗೆ ಶಾಲೆಯಲ್ಲಿ ಆದ ನೋವನ್ನು ಓದಿ, ಪ್ರಶ್ನೆಯನ್ನು ನಾನು ಇನ್ನಷ್ಟು ಎಚ್ಚರದಿಂದ ಕೇಳಬೇಕಿತ್ತು ಎನಿಸಿತು. ಕಾಲಾನುಕ್ರಮ ಈಗ ಸ್ಪಷ್ಟವಾಯಿತು. ಆದರೆ ಒಂದು ಸಂದೇಹ ಉಳಿದಿದೆ. ಬರವೇ ಬಾರದಿದ್ದರೂ ಅಷ್ಟು ಜನ ಬರುತ್ತಿದ್ದರೇ? ಬಂದ ಮೇಲಾದರೂ ಬಾವಿಯ ನೀರು ಅವರಿಗೆ ಸಿಕ್ಕಿತೇ?

ಚರಿತ್ರೆಯ ವಿದ್ಯಾರ್ಥಿನಿ

ಬರಕ್ಕೂ ಪಾತ್ರವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬರಕ್ಕೆ ಮುಂಚೆಯೇ ಸಭೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದರು. ಅವರು ಬಂದದ್ದು ಬೀಗರು ನೆಂಟರ ದಾರಿಯಲ್ಲಿ, ಕೇರಿಯ ಹಿರಿಯರ ಒಪ್ಪಿಗೆಯೊಂದಿಗೆ, ಮನೆಮನೆಯಾಗಿ. ಕಾಲುವೆಯ ಕೆಲಸ ದೂರದೂರದ ಕೇರಿಗಳ ಜನರನ್ನು ಒಂದೆಡೆ ಸೇರಿಸಿತು. ಹಳ್ಳಿಯಲ್ಲಿ ಕೇಳಲು ವರ್ಷಗಳು ಹಿಡಿಯುತ್ತಿದ್ದ ಮಾತನ್ನು ಅಲ್ಲಿ ತಿಂಗಳುಗಳಲ್ಲಿ ಕೇಳಿದರು. ಬರ ವೇಗವನ್ನು ಹೆಚ್ಚಿಸಿತು, ದಾರಿಯನ್ನು ಪೇರಯ್ಯನವರೂ ನಾಗಮ್ಮನವರೂ ಅದಕ್ಕೂ ಹತ್ತು ವರ್ಷ ಮೊದಲೇ ನಡೆದು ತೋರಿಸಿದ್ದರು ಎಂಬುದು ನನ್ನ ನಿಲುವು.

ಬಳ್ಳಾರಿಯ ಮೊಮ್ಮಗ

ಮೇಷ್ಟ್ರೇ, ತಾವು ಕೇಳಿದ್ದರಿಂದ ನನಗೆ ಬೇಸರವಾಗಿಲ್ಲ, ಕೇಳಿದ್ದೇ ಒಳ್ಳೆಯದಾಯಿತು. ಬಾವಿಯ ಪ್ರಶ್ನೆಗೆ ನಮ್ಮ ಮನೆಯ ಮಟ್ಟಿಗೆ ಉತ್ತರಿಸುತ್ತೇನೆ. ಸಭೆಯಿಂದ ಓದು ಬಂದಿತು. ನಮ್ಮ ಅಜ್ಜಿಯ ತಾಯಿ ತೆಲುಗು ಸತ್ಯವೇದವನ್ನು ತಾವೇ ಓದಿಕೊಳ್ಳುತ್ತಿದ್ದರು. ಆ ಕೇರಿಯಲ್ಲಿ ಅಕ್ಷರ ಬಲ್ಲ ಮೊದಲ ತಲೆಮಾರಿನ ಹೆಂಗಸರಲ್ಲಿ ಅವರೂ ಒಬ್ಬರು. ಆದರೆ ಊರ ಬಾವಿ ಅವರಿದ್ದಷ್ಟು ದಿನ ದೂರವೇ ಉಳಿಯಿತು, ನೀರನ್ನು ಯಾರಾದರೂ ಮೇಲಿನಿಂದ ಹೊಯ್ಯಬೇಕಿತ್ತು.

ಇನ್ನೊಂದು ಸಂಗತಿ ಇಂದಿನದು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯವರೆಂದು ಪರಿಗಣಿತರಾಗುವುದಿಲ್ಲ. ಸಿಖ್ಖರಾದವರಿಗೆ 1956ರಲ್ಲಿ, ಬೌದ್ಧರಾದವರಿಗೆ 1990ರಲ್ಲಿ ಆ ಬಾಗಿಲು ತೆರೆಯಿತು, ನಮಗೆ ತೆರೆದಿಲ್ಲ. ಆಂಧ್ರದಲ್ಲಿ ನಮ್ಮವರನ್ನು ಹಿಂದುಳಿದ ವರ್ಗಗಳ ‘ಸಿ’ ಗುಂಪಿನಲ್ಲಿ ಇಟ್ಟಿದ್ದಾರೆ. ಹೀಗಾಗಿ ಒಂಗೋಲಿನಲ್ಲಿರುವ ನನ್ನ ಇಬ್ಬರು ದಾಯಾದಿ ಅಣ್ಣಂದಿರು ಭಾನುವಾರ ಒಂದೇ ಬೆಂಚಿನಲ್ಲಿ ಕುಳಿತು ಹಾಡುತ್ತಾರೆ. ಒಬ್ಬರ ಪ್ರಮಾಣಪತ್ರದಲ್ಲಿ ಹಿಂದೂ ಮಾದಿಗ ಎಂದಿದೆ, ಇನ್ನೊಬ್ಬರದರಲ್ಲಿ ಕ್ರೈಸ್ತ ಎಂದಿದೆ. ಹಿಂದೂ ಎಂದು ಬರೆಸಿಕೊಂಡವರ ಹೆಸರು ಪೇರಯ್ಯ.